ಬಾರ್ದೇಸ್ ಗುಡ್ಡದ ಬಾಗಿದ ಮಾಡು: ಒಂದು ರಿಪೇರಿಯ ದಾಖಲೆ

ಗೋವಾದ ಬಾರ್ದೇಸ್ ತಾಲೂಕಿನ ಒಂದು ಚಿರೆಕಲ್ಲು (ಜಂಬಿಟ್ಟಿಗೆ ಕಲ್ಲು) ಗುಡ್ಡದ ಬದಿಯಲ್ಲಿ ಈ ಮನೆ ಇದೆ. ಮೇಲೆ ಬೋಳು ಬಯಲು, ಇಲ್ಲಿಯವರು ಅದನ್ನು ಸಡಾ ಅನ್ನುತ್ತಾರೆ. ಕೆಳಗೆ ಖಾಜನ್ ಗದ್ದೆ, ಅಂದರೆ ಉಪ್ಪುನೀರು ನುಗ್ಗದಂತೆ ಒಡ್ಡು ಹಾಕಿ ಮಾಡಿಕೊಂಡ ಗದ್ದೆ. ನಮ್ಮ ಕುಮಟಾ ಕಡೆಯ ಗಜನಿ ನೋಡಿದವರಿಗೆ ಬೇರೆ ವಿವರಣೆ ಬೇಡ. ನಡುವಿನ ಇಳಿಜಾರಿನಲ್ಲಿ ಗೇರು, ಮತ್ತಿ, ಮುರುಗಲು ಮರಗಳು, ಅವುಗಳ ಮಧ್ಯೆ ಒಂದೇ ಒಂದು ಮಾಡು, ಅಂದರೆ ಛಾವಣಿ. ಬದಿಗೆ ಸುಮಾರು 44 ಅಡಿ ಇರುವ ಚೌಕ, ಕುದುರೆ ಜೀನಿನ ಆಕಾರಕ್ಕೆ ಬಾಗಿದ ಕಾಂಕ್ರೀಟ್, ದಪ್ಪ ಬರೀ 3 ಇಂಚು. ಎರಡು ಮೂಲೆ ಇಳಿದು ನೆಲಕ್ಕೆ ಕೂತಿವೆ. ಇನ್ನೆರಡು ಮೂಲೆ ಮೇಲಕ್ಕೆದ್ದಿವೆ, ಒಂದು ಗುಡ್ಡದ ಕಡೆಗೆ, ಇನ್ನೊಂದು ಗದ್ದೆಯ ಕಡೆಗೆ. ಮಾಡಿನ ಕೆಳಗೆ ಗಾಜು, ಚಿರೆಕಲ್ಲಿನ ಗೋಡೆ, ಮತ್ತೆ ಹಾಲ್‌ನ ಒಂದು ಪಕ್ಕದಲ್ಲಿ ನೆಲದಿಂದಲೇ ಎದ್ದ ಬಂಡೆ. ಬಂಡೆಯನ್ನು ಒಡೆಯದೆ ಹಾಗೇ ಒಳಗೆ ಸೇರಿಸಿಕೊಂಡು ಮನೆ ಕಟ್ಟಿದ್ದಾರೆ.

ನನ್ನ ಕೆಲಸ ಸೋರಿಕೆ, ಬಿರುಕು, ತುಕ್ಕು ಹಿಡಿದ ಕಾಂಕ್ರೀಟಿನ ರಿಪೇರಿ. ಮಾಪ್ಸಾ ಸುತ್ತಮುತ್ತ ನನಗೆ ಸಿಗುವುದು ಹೆಚ್ಚಾಗಿ ಫ್ಲ್ಯಾಟಿನ ಟೆರೇಸು, ಬಾಲ್ಕನಿ, ಬಾತ್‌ರೂಮು. ಇಂಥ ಮನೆ ಕೈಗೆ ಬರುವುದು ಅಪರೂಪ. ಅದಕ್ಕೇ ಮಾಡಿದ್ದನ್ನೆಲ್ಲ ವಿವರವಾಗಿ ಬರೆದಿಡುತ್ತಿದ್ದೇನೆ. ನೆಲದ ಇಳಿಜಾರಿಗೆ ಹೊಂದಿಕೊಂಡು ಕಟ್ಟಿದ ಮನೆಯಲ್ಲಿ ಮಾಡು ಬೇರೆ, ಗುಡ್ಡ ಬೇರೆ ಅಂತ ಲೆಕ್ಕ ಹಾಕಿ ಬರೀ ಮಾಡಿಗೆ ಬಣ್ಣ ಬಳಿದರೆ ಅದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ. ಗುಡ್ಡದ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಕಾಂಕ್ರೀಟಿಗೆ ಕೈ ಹಾಕುವುದು ಆಮೇಲೆ.

ಮನೆಯವರು ಧಾರವಾಡದ ದಂಪತಿ. ಮನೆಗೆ ಮೂವತ್ತು ವರ್ಷದ ಹತ್ತಿರ ವಯಸ್ಸು, ಇವರು ಕೊಂಡಿದ್ದು ಆಮೇಲೆ. ದೂರು ಮೂರು. ಮಾಡಿನ ಒಳಮೈಯಲ್ಲಿ ಅಲ್ಲಲ್ಲಿ ಕಂದು ಕಲೆ ಬಂದು ಚಕ್ಕೆ ಉದುರುತ್ತಿದೆ. ಮಳೆಗಾಲದಲ್ಲಿ ಬಂಡೆಯ ಸುತ್ತ ನೀರು ಏಳುತ್ತದೆ. ಗದ್ದೆ ಕಡೆಯ ದೊಡ್ಡ ಜಾರುಬಾಗಿಲು ಸಿಕ್ಕಿಹಾಕಿಕೊಳ್ಳುತ್ತದೆ, ಮಾಡು ಜಗ್ಗಿದೆಯೋ ಏನೋ ಅಂತ ಭಯ.

ಈ ಮೊದಲು ಬಂದು ನೋಡಿದವರು ಎರಡು ದಾರಿ ಹೇಳಿದ್ದರಂತೆ. ಒಂದು, ಮೇಲೆ ಕೋಬಾ ಹಾಕುವುದು, ಅಂದರೆ ಇಟ್ಟಿಗೆ ಚೂರು, ಗಾರೆ ಸೇರಿಸಿದ ದಪ್ಪ ಪದರ. ಇನ್ನೊಂದು, ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು. ಎರಡೂ ಗೋವಾದಲ್ಲಿ, ಮುಂಬೈಯಲ್ಲಿ ದಿನಾ ಮಾಡುವ ಕೆಲಸವೇ. ಸಪಾಟು ಟೆರೇಸಿಗೆ ಕೋಬಾ ಒಳ್ಳೆಯದೇ. ಆದರೆ ಇಲ್ಲಿ ಲೆಕ್ಕ ಹಾಕಿ ನೋಡಿ. 3 ಇಂಚಿನ ಕಾಂಕ್ರೀಟು ಚದರ ಮೀಟರಿಗೆ ಸುಮಾರು 190 ಕೆಜಿ ತೂಗುತ್ತದೆ. 4 ಇಂಚಿನ ಕೋಬಾ ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ತೂಕ ಮೇಲೆ ಬಂತು. ಅಂದರೆ ತನ್ನ ಭಾರವನ್ನು ಮಾತ್ರ ಹೊರುವಂತೆ ಬಾಗಿಸಿದ ಮಾಡಿನ ಮೇಲೆ ಇನ್ನೊಂದು ಮಾಡು ಹೊರಿಸಿದ ಹಾಗಾಯಿತು. ಶೀಟಿನ ಮಾತು ಬಂದಾಗ ಮನೆಯ ಅಕ್ಕನೇ ತಡೆದರು. "ಶೀಟ್ ಹೊದಿಸೋದಿದ್ರ ಈ ಮನಿ ಯಾಕ ತೊಗೋತಿದ್ವಿ ತಮ್ಮಾ? ಕೆಳಗ ಗದ್ದಿ ದಾರಿಯಿಂದ ನೋಡಿದ್ರ ಗುಡ್ಡದ ಗೆರಿ ಯಾವುದು, ಮನಿ ಗೆರಿ ಯಾವುದು ಗೊತ್ತಾಗಂಗಿಲ್ಲ. ಅದು ಹಂಗೇ ಇರಬೇಕು." ನನಗೂ ಅದೇ ಬೇಕಾಗಿತ್ತು.

ಮನೆಯ ಡ್ರಾಯಿಂಗ್ ಯಾರ ಹತ್ತಿರವೂ ಇರಲಿಲ್ಲ. ನಾರಿ ಗಾಂಧಿ ಅಂತ ಒಬ್ಬ ಆರ್ಕಿಟೆಕ್ಟ್ ಇದ್ದರು, ಅಮೆರಿಕದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಹತ್ತಿರ ಕಲಿತು ಬಂದವರು. ಲೋಣಾವಳಾದಲ್ಲಿ, ಮುಂಬೈ ಸುತ್ತಿನ ಕರಾವಳಿಯಲ್ಲಿ ಡ್ರಾಯಿಂಗ್ ಇಲ್ಲದೆ, ಗೌಂಡಿಗಳ ಜೊತೆ ಜಾಗದಲ್ಲೇ ನಿಂತು ಮನೆ ಕಟ್ಟಿಸುತ್ತಿದ್ದರು. 1993ರಲ್ಲಿ ತೀರಿಕೊಂಡರು. ಅಂಥ ಮನೆ ರಿಪೇರಿ ಮಾಡುವವರಿಗೆ ಮನೆಯೇ ಡ್ರಾಯಿಂಗು. ನಾವೂ ಹಾಗೇ ಓದಿಕೊಂಡೆವು. ಸರಳು ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಕವರ್ ಮೀಟರ್ ಹಿಡಿದು ಗುರುತಿಸಿ, ಮಾಡಿನ ಒಳಮೈ ಪೂರ್ತಿ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಫೋಟೋ ತೆಗೆದಿಟ್ಟೆವು.

ಮೊದಲು ಗುಡ್ಡ

ಮನೆಯ ಹಿಂದೆ ಒಂದು ಧರೆ ಇದೆ, ಮನೆ ಕಟ್ಟುವಾಗ ಗುಡ್ಡ ಕಡಿದದ್ದು. ಅದರ ಮುಂದೆ ನಿಂತರೆ ಇಡೀ ಕಥೆ ಅಲ್ಲೇ ಕಾಣುತ್ತದೆ. ಮೇಲಿನ ಆಳೆತ್ತರ ಗಟ್ಟಿ ಚಿರೆಕಲ್ಲು, ತೂತು ತೂತು, ಮಳೆ ಬಿದ್ದರೆ ಹೀರಿಕೊಳ್ಳುವಂಥದ್ದು. ಅದರ ಕೆಳಗೆ ಹಳದಿ, ಬಿಳಿ, ನೇರಳೆ ಬಣ್ಣದ ಶೇಡಿ ಮಣ್ಣು, ಬೆರಳಲ್ಲಿ ಒತ್ತಿದರೆ ಜಾರುತ್ತದೆ. ನೀರು ಚಿರೆಕಲ್ಲಿನಲ್ಲಿ ಸಲೀಸಾಗಿ ಇಳಿಯುತ್ತದೆ, ಶೇಡಿ ಸಿಕ್ಕಿದ ಕೂಡಲೇ ನಿಲ್ಲುತ್ತದೆ, ಅದರ ಬೆನ್ನ ಮೇಲೆ ಅಡ್ಡಕ್ಕೆ ಹರಿದು ಒರತೆಯಾಗಿ ಹೊರಗೆ ಬರುತ್ತದೆ. ಕರಾವಳಿಯವರಿಗೆ ಇದು ಹೊಸದಲ್ಲ, ಎಷ್ಟೋ ಧರೆ ಕುಸಿಯುವುದು ಇದೇ ಗೆರೆಯಲ್ಲಿ. ಈ ಮನೆಯ ನೆಲ ಸರಿಯಾಗಿ ಆ ಗೆರೆಯ ಮಟ್ಟದಲ್ಲೇ ಇದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ದೊಡ್ಡ ಸಡಾದ ನೀರು ಒಳಗಿನಿಂದ ಇಳಿದು ಬರುವ ದಾರಿಯಲ್ಲಿ ಮನೆ ಕೂತಿದೆ.

ಮನೆ ಕಟ್ಟಿಸಿದವರಿಗೆ ಇದು ಗೊತ್ತಿತ್ತು. ಧರೆಗೆ ಆನಿಸಿ ಚಿರೆಕಲ್ಲಿನ ಗೋಡೆ ಕಟ್ಟಿ, ಬುಡದಲ್ಲಿ ನೀರು ಬಸಿಯಲು ಸಾಲಾಗಿ ತೂತು ಬಿಟ್ಟಿದ್ದರು. ಗೋಡೆಯ ಮುಂದೆ ಕಲ್ಲಿನ ಗಟಾರ ಇತ್ತು. ನಂತರ ಯಾವಾಗಲೋ ಚಂದ ಕಾಣಲಿ ಅಂತ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿದ್ದಾರೆ, ತೂತುಗಳು ಮುಚ್ಚಿಹೋಗಿವೆ. ತೋಟ ಮಾಡಿಕೊಟ್ಟವರು ಗಟಾರದ ಮೇಲೆ ಕೆಂಪು ಮಣ್ಣು ತುಂಬಿ ಲಾನ್ ಹಾಕಿದ್ದಾರೆ. ಹೊರಗೆ ಹೋಗಲು ದಾರಿ ಇಲ್ಲದ ನೀರು ಮನೆಯೊಳಗೆ ದಾರಿ ಹುಡುಕಿಕೊಂಡಿದೆ, ಅಷ್ಟೇ.

ಏಪ್ರಿಲ್‌ನಲ್ಲಿ ಪ್ಲಾಸ್ಟರ್ ಕೆತ್ತಿ ತೆಗೆದೆವು. ಉಳಿ ಹಿಡಿದು ಒಂದೊಂದೇ ತೂತು ಬಿಡಿಸಿದಾಗ ಬುಡದ ಸಾಲಿನಿಂದ, ಆ ಬಿರುಬೇಸಿಗೆಯಲ್ಲೂ, ಹನಿ ಹನಿಯಾಗಿ ನೀರು ಬಂತು. ಜೊತೆಗೆ ಬಿಳಿ ಶೇಡಿ ಕೆಸರು. ಗೋಡೆಯ ಹಿಂದೆ ಮೇಲಿನಿಂದ ಅಗೆದು ಶೇಡಿ ಕೆಸರು ತೆಗೆದು, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, 40 ಮಿ.ಮೀ. ಜಲ್ಲಿ ತುಂಬಿದೆವು. ಬಟ್ಟೆ ಇಲ್ಲದೆ ಬರೀ ಜಲ್ಲಿ ಹಾಕಿದರೆ ಎರಡು ಮಳೆಗಾಲದಲ್ಲಿ ಶೇಡಿ ಮತ್ತೆ ಎಲ್ಲ ಮುಚ್ಚುತ್ತದೆ, ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಗೋಡೆಯನ್ನು ಮತ್ತೆ ಪ್ಲಾಸ್ಟರ್ ಮಾಡಲಿಲ್ಲ. ಕಲ್ಲಿನ ಸಂದಿಗೆ ಸುಣ್ಣದ ಗಾರೆ ಮಾತ್ರ. ಇಲ್ಲೇ ಗೋವಾದ ತೊರ್ಡಾದಲ್ಲಿ ಆರ್ಕಿಟೆಕ್ಟ್ ಜೆರಾರ್ಡ್ ಡ ಕುನ್ಹಾ ಕಟ್ಟಿದ ಹೌಸಸ್ ಆಫ್ ಗೋವಾ ಮ್ಯೂಸಿಯಂ ಇದೆಯಲ್ಲ, ಹಡಗಿನ ಆಕಾರದ್ದು, ಅಲ್ಲಿ ಚಿರೆಕಲ್ಲು ಹೊರಗೇ ಕಾಣುವಂತೆ ಬಿಟ್ಟಿದ್ದು ನೋಡಿದರೆ ಈ ಕಲ್ಲಿಗೆ ಮುಚ್ಚುಮರೆ ಬೇಕಿಲ್ಲ ಅನಿಸುತ್ತದೆ. ನಮ್ಮ ಹೆಸರಘಟ್ಟದ ನೃತ್ಯಗ್ರಾಮ ವಿನ್ಯಾಸ ಮಾಡಿದವರೂ ಅವರೇ.

ಧರೆಯ ಮೇಲುಗಡೆ, ಮನೆಯಿಂದ ಸಾಕಷ್ಟು ಹಿಂದೆ, ಗುಡ್ಡಕ್ಕೆ ಅಡ್ಡವಾಗಿ ಒಂದು ಬಸಿಗಾಲುವೆ ತೋಡಿದೆವು. ಅಡಿಕೆ ತೋಟದಲ್ಲಿ ಮಾಡುವ ಹಾಗೇ, ಸೊಂಟದಾಳ, ಸ್ವಲ್ಪವೇ ಇಳಿಜಾರು. ಮರದ ಬೇರು ಬಂದ ಕಡೆ ಕಾಲುವೆಯನ್ನೇ ಸುತ್ತಿಸಿ ಒಯ್ದೆವು. ಹಾಗಾಗಿ ಅದು ನೆಟ್ಟಗಿಲ್ಲ, ಮರಗಳ ನಡುವೆ ಸುತ್ತಿಕೊಂಡು ಹೋಗಿ ಪಕ್ಕದ ಹಳ್ಳಕ್ಕೆ ಸೇರುತ್ತದೆ.

ನೆಲಕ್ಕೆ ಕೂತ ಮೂಲೆಗಳು

ಜೀನಿನ ಆಕಾರದ ಮಾಡಿಗೆ ಎರಡೇ ಬಾಯಿ, ಮೇಲೆ ಬಿದ್ದ ಅಷ್ಟೂ ನೀರು ಎರಡು ತಗ್ಗು ಮೂಲೆಗೇ ಬರಬೇಕು. ಚೌಕದ ವಿಸ್ತೀರ್ಣ ಸುಮಾರು 180 ಚದರ ಮೀಟರು. ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ ಒಂದು ಗಂಟೆಗೆ 9000 ಲೀಟರು, ಅಂದರೆ ಒಂದೊಂದು ಮೂಲೆಗೆ 4500. ಒಂದು ವರ್ಷದ ಲೆಕ್ಕ ಹಿಡಿದರೆ ಸುಮಾರು 5 ಲಕ್ಷ 40 ಸಾವಿರ ಲೀಟರು. ಅದೇ ಮೂಲೆಯಲ್ಲಿ ಮಾಡಿನ ಪೂರ್ತಿ ಭಾರವೂ ನೆಲಕ್ಕೆ ಇಳಿಯುತ್ತದೆ. ನೇರ ಕೆಳಕ್ಕೆ ಇಳಿಯುವುದಲ್ಲ, ಕಮಾನಿನ ಕಾಲು ಹೊರಕ್ಕೆ ಜಾರಲು ನೋಡುವಂತೆ ಹೊರಗೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹಿಡಿಯಲು ಎರಡು ಮೂಲೆಗಳ ನಡುವೆ ನೆಲದಡಿಯಲ್ಲಿ ಒಂದು ಕಟ್ಟುತೊಲೆ ಇರುತ್ತದೆ. ಈ ತೊಲೆ ಹೋಯಿತು ಅಂದರೆ ಮಾಡು ಹೋಯಿತು.

ಬಡಗಣ ಮೂಲೆಯ ಬುಡ ಅಗೆದು ನೋಡಿದೆವು. ಮೊದಲು ಇಲ್ಲಿ ನೀರು ಬಂದು ಬೀಳಲು ಬಂಡೆಯಲ್ಲೇ ಒಂದು ತಗ್ಗು ಇದ್ದಿರಬೇಕು, ಅದರಂಚಿನ ಕಲ್ಲು ಸವೆದು ನುಣ್ಣಗಾಗಿದೆ. ಲಾನಿನ ಮಣ್ಣಿನಲ್ಲಿ ಅದು ಪೂರ್ತಿ ಹೂತುಹೋಗಿತ್ತು. ಬಿದ್ದ ನೀರು ಮಣ್ಣು ಕೊರೆದು ತೊಲೆಯ ತುದಿಯವರೆಗೂ ಹೋಗಿದೆ. ಒಂದು ಮೊಳದಷ್ಟು ಉದ್ದಕ್ಕೆ ಕಾಂಕ್ರೀಟ್ ಚಕ್ಕೆ ಎದ್ದು ಸರಳು ಹೊರಗೆ ಬಿದ್ದಿತ್ತು. ತಂತಿ ಬ್ರಷ್‌ನಲ್ಲಿ ತಿಕ್ಕಿ ವರ್ನಿಯರ್ ಹಿಡಿದರೆ 25 ಮಿ.ಮೀ. ಸರಳು 24 ತೋರಿಸಿತು. 1 ಮಿ.ಮೀ. ತಾನೇ ಅಂತ ಬಿಡುವ ಹಾಗಿಲ್ಲ, ವಿಸ್ತೀರ್ಣದಲ್ಲಿ ಅದು ಸುಮಾರು 8 ಪರ್ಸೆಂಟ್ ನಷ್ಟ. ಬೆಳಗಾವಿಯ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿದರು. ಈಗಿನ ಮಟ್ಟಿಗೆ ಅಪಾಯ ಇಲ್ಲ, ಆದರೆ ಅಗೆದದ್ದು ಹೇಗೂ ಅಗೆದಿದ್ದೀರಿ, ಪಕ್ಕಕ್ಕೆ ಹೊಸ ಸರಳು ಸೇರಿಸಿಬಿಡಿ ಅಂದರು. ಅವರು ಕೊಟ್ಟ ಅಳತೆಗೆ ಹೊಸ ಸರಳನ್ನು ಎಪಾಕ್ಸಿಯಲ್ಲಿ ಕೂರಿಸಿ, ಹಳೆಯದಕ್ಕೆ ಜಿಂಕ್ ಪ್ರೈಮರ್ ಹಚ್ಚಿ, ಕಾಂಕ್ರೀಟ್ ಹಾಕಿ ಮುಚ್ಚಿದೆವು. ಇಷ್ಟೂ ಕೆಲಸ ನಡೆಯುವಾಗ ಮಾಡಿನ ಕೆಳಗೆ ಪ್ರಾಪ್, ಅಂದರೆ ಆಸರೆ ಕಂಬ, ಕೊಟ್ಟಿತ್ತು. ಯಾರೇ ಮಾಡಿದರೂ ಪ್ರಾಪ್ ಕೊಡದೆ ಈ ಜಾಗಕ್ಕೆ ಕೈ ಹಾಕಬಾರದು.

ನಂತರ ಮಣ್ಣು ಪೂರ್ತಿ ತೆಗೆದು ಆ ಹಳೆಯ ತಗ್ಗನ್ನು ಮತ್ತೆ ಬಿಡಿಸಿದೆವು. ತಳಕ್ಕೆ ದೊಡ್ಡ ದೊಡ್ಡ ಕಾಡುಕಲ್ಲು, ನೀರಿನ ಹೊಡೆತ ತಡೆಯಲು. ತುಂಬಿ ಹೊರಬಿದ್ದ ನೀರಿಗೆ ಕಲ್ಲಿನ ಮೆಟ್ಟಿಲು, ಅದರ ಕೊನೆಗೆ ಒಂದು ಹೂಳುಗುಂಡಿ, ಅಲ್ಲಿಂದ ಹಳ್ಳ. ಹೂಳುಗುಂಡಿ ಮಾಡಿಸಿದ್ದು ಕೆಳಗಿನ ಗದ್ದೆಯವರ ಮಾತು ಕೇಳಿ. ಲಾನಿನ ಕೆಂಪು ಮಣ್ಣು ಪ್ರತಿ ಮಳೆಗೂ ತೊಳೆದುಕೊಂಡು ಹೋಗಿ ಅವರ ಗದ್ದೆಗೆ ಕೂರುತ್ತಿತ್ತು. ಮೇಲಿನ ಮನೆ ಎಷ್ಟೇ ಚಂದ ಇರಲಿ, ಕೆಳಗಿನವರ ಗದ್ದೆಗೆ ಕೆಸರು ಕಳಿಸಿದರೆ ಅದು ಆ ಜಾಗಕ್ಕೆ ಹೊಂದಿಕೊಂಡ ಮನೆ ಹೇಗಾದೀತು? ಪಣಜಿಯಲ್ಲಿ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಅವರ ಕಲಾ ಅಕಾಡೆಮಿ ನೋಡಿ, ರಸ್ತೆಯಿಂದ ಒಳಗೆ ಬಂದು ಮಾಡಿನ ಕೆಳಗೇ ನಡೆದು ಮಾಂಡೋವಿ ದಂಡೆಗೆ ಹೋಗಬಹುದು. ಕಟ್ಟಡ ನದಿಯನ್ನು ಊರಿಗೆ ಮರೆ ಮಾಡಿಲ್ಲ. ಇಲ್ಲಿ ಜನರ ಬದಲು ನೀರು ನಡೆಯಬೇಕು, ಗುಡ್ಡದಿಂದ ಗದ್ದೆಗೆ, ತಿಳಿಯಾಗಿ.

ಮಾಡಿಗೆ ದೋರಿ ಹಿಡಿದದ್ದು

ನಮ್ಮ ಹಿರಿಯ ಗೌಂಡಿ ಬಾದಾಮಿ ಕಡೆಯವರು. ಗೋವಾದಲ್ಲಿ ಕಟ್ಟಡ ಕೆಲಸ ಮಾಡುವವರಲ್ಲಿ ಉತ್ತರ ಕರ್ನಾಟಕದವರು ಎಷ್ಟು ಜನ ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಸುತ್ತಿಗೆಯಿಂದ ಮಾಡಿನ ಒಳಮೈಯನ್ನು ಮೆಲ್ಲಗೆ ತಟ್ಟುತ್ತಾ ಹೋಗಿ, ಸದ್ದು ಟೊಳ್ಳು ಬಂದ ಕಡೆಯೆಲ್ಲ ಅವರು ಚಾಕ್‌ನಲ್ಲಿ ಸುತ್ತು ಹಾಕಿದರು. ಗಟ್ಟಿ ಕಾಂಕ್ರೀಟು ಟಣ್ ಅನ್ನುತ್ತದೆ, ಎದ್ದ ಕಾಂಕ್ರೀಟು ಡಬ್ ಅನ್ನುತ್ತದೆ. ಮಶೀನು ಬೇಡ, ಕಿವಿ ಸಾಕು.

ಟೊಳ್ಳು ಜಾಗ ಕೆತ್ತಿ, ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ಸಿಂಪಡಿಸಿದೆವು. ಕಾಂಕ್ರೀಟಿನಲ್ಲಿ ಸುಣ್ಣದ ಗುಣ ಇನ್ನೂ ಇದ್ದರೆ ಅದು ರಾಣಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗಿ ಆ ಗುಣ ಹಾಳಾಗಿದ್ದರೆ ಬಣ್ಣ ಬರುವುದಿಲ್ಲ. ಬಣ್ಣ ಇಲ್ಲದ ಪಟ್ಟಿ ಸರಳಿನವರೆಗೆ ಬಂದಿದೆ ಅಂದರೆ ಆ ಸರಳಿಗೆ ರಕ್ಷಣೆ ಇಲ್ಲ, ಇವತ್ತಲ್ಲ ನಾಳೆ ತುಕ್ಕು ಗ್ಯಾರಂಟಿ. ಇಲ್ಲಿ ಹೆಚ್ಚಿನ ಕಡೆ ಆ ಪಟ್ಟಿ 15 ಮಿ.ಮೀ. ಒಳಗೇ ನಿಂತಿತ್ತು, ಸರಳು ಸುಮಾರು 30 ಮಿ.ಮೀ. ಆಳದಲ್ಲಿದೆ. ಒಳ್ಳೆಯ ಕಾಂಕ್ರೀಟು. ಹಾಳಾದದ್ದು ಕಾಂಕ್ರೀಟು ಹಾಕುವಾಗಲೇ ಜೇನುಗೂಡಿನಂತೆ ತೂತು ಉಳಿದ ಕಡೆ, ಮತ್ತು ಅಂಚಿನ ತೊಲೆಯ ಕೆಳಮೈಯಲ್ಲಿ. ಉಪ್ಪಿನ ಅನುಮಾನ ಇತ್ತು, ಡ್ರಿಲ್ ಮಾಡಿದ ಪುಡಿಯನ್ನು ಲ್ಯಾಬ್‌ಗೆ ಕಳಿಸಿದೆ, ಕ್ಲೋರೈಡ್ ಕಡಿಮೆಯೇ ಬಂತು. ಸಮುದ್ರಕ್ಕೂ ಮನೆಗೂ ನಡುವೆ ಗುಡ್ಡ ಇರುವುದು ಒಳ್ಳೆಯದಾಗಿದೆ.

ಕಬ್ಬಿಣ ತುಕ್ಕು ಹಿಡಿದರೆ ಎರಡರಿಂದ ಆರು ಪಟ್ಟು ಊದುತ್ತದೆ. 3 ಇಂಚಿನ ಕಾಂಕ್ರೀಟಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇಲ್ಲ, ಚಕ್ಕೆ ಏಳುತ್ತದೆ. ಹಾಗಂತ ಎಲ್ಲ ಜಾಗವನ್ನೂ ಒಟ್ಟಿಗೆ ಕೆತ್ತಬಾರದು. ಇಂಥ ಮಾಡಿನ ಬಲವೆಲ್ಲ ಅಖಂಡ ಮೈಯಲ್ಲಿದೆ. ಒಂದು ತೇಪೆ ಮುಗಿದು ಗಟ್ಟಿಯಾದ ಮೇಲೆ ಅದರ ಪಕ್ಕದ್ದು. ಸರಳಿನ ಹಿಂದೆ ಬೆರಳು ಹೋಗುವಷ್ಟು ಬಿಡಿಸಿ, ಸುತ್ತಲೂ ತಿಕ್ಕಿ, ಪ್ರೈಮರ್ ಹಚ್ಚಿ, ಎಸ್‌ಬಿಆರ್ ಲೇಟೆಕ್ಸ್ (ಹಾಲಿನಂಥ ರಬ್ಬರ್ ದ್ರವ) ಕಲಸಿದ ಗಾರೆಯನ್ನು ಕೈಯಿಂದ ಒತ್ತಿ ತುಂಬಬೇಕು. ಜರಡಿ ಹಿಡಿದ ಮರಳು, ನೀರು ಆದಷ್ಟು ಕಮ್ಮಿ, ಮುದ್ದೆ ಕಟ್ಟಿದರೆ ನಿಲ್ಲುವಂತಿರಬೇಕು. ಒಂದು ಸಲಕ್ಕೆ 15 ಮಿ.ಮೀ.ಗಿಂತ ದಪ್ಪ ಬೇಡ, ತಲೆಯ ಮೇಲಿನ ಕೆಲಸ, ಜೋತುಬೀಳುತ್ತದೆ. ಮೊದಲೆರಡು ದಿನ ಒದ್ದೆ ಗೋಣಿ ಒತ್ತಿಟ್ಟು, ಆಮೇಲೆ ಗಾಳಿಗೆ ಬಿಡಬೇಕು. ಲೇಟೆಕ್ಸ್ ಇರುವ ಗಾರೆಗೆ ವಾರಗಟ್ಟಲೆ ನೀರುಣಿಸುವುದು ಬೇಡ.

ಇನ್ನು ಆಕಾರ. ಹೊರಮೈಯಲ್ಲಿ ದೊಡ್ಡ ತೇಪೆ ಹಾಕುವಾಗ ಬಾಗು ಸರಿಯಾಗಿ ಬರಬೇಕಲ್ವಾ, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಆದರೆ ಅಲ್ಲೇ ನೀರು ನಿಲ್ಲುತ್ತದೆ, ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ದೂರದಿಂದಲೂ ಕಾಣುತ್ತದೆ. ಇದಕ್ಕೆ ಪ್ಲೈವುಡ್ಡಿನಲ್ಲಿ ಬಾಗಿನ ಅಚ್ಚು ಕತ್ತರಿಸುವ ಯೋಚನೆ ನಮ್ಮ ಹುಡುಗರದ್ದು. ಬೇಕಾಗಲಿಲ್ಲ. ಈ ಆಕಾರಕ್ಕೆ ಹೈಪರ್ಬಾಲಿಕ್ ಪ್ಯಾರಾಬೊಲಾಯ್ಡ್ ಅನ್ನುತ್ತಾರೆ. ಇದರ ಮೈ ಎರಡು ಕಡೆಗೂ ಬಾಗಿದೆ, ಆದರೂ ಅಂಚಿಗೆ ಸಮವಾಗಿ ಹಿಡಿದು ನೋಡಿದರೆ ಪೂರ್ತಿ ನೇರ ಗೆರೆಗಳೇ. ಒಂದು ಅಂಚಿನ ಕಾಲುಭಾಗದಿಂದ ಎದುರಿನ ಅಂಚಿನ ಕಾಲುಭಾಗಕ್ಕೆ ಲೈನ್‌ದೋರಿ, ಅಂದರೆ ಗೌಂಡಿಗಳ ದಾರ, ಬಿಗಿದು ಹಿಡಿದೆವು. ದೋರಿ ಉದ್ದಕ್ಕೂ ಕಾಂಕ್ರೀಟನ್ನು ಮುಟ್ಟಿಕೊಂಡೇ ಹೋಯಿತು, ತೇಪೆ ಇರುವ ಕಡೆ ಮಾತ್ರ ಕೆಳಗೆ ಬೆಳಕು ಕಂಡಿತು. ಗೌಂಡಿ ಬಗ್ಗಿ ನೋಡಿ, ದೋರಿಯನ್ನು ಒಮ್ಮೆ ಚಿಮ್ಮಿ, "ಸರ, ಈ ಮಾಡು ಸೊಟ್ಟ ಐತಿ ಅಂತಾರ ಎಲ್ಲಾರೂ. ದೋರಿ ಹಿಡಿದ್ರ ನೆಟ್ಟಗೈತಲ್ರಿ!" ಅಂದರು. ಆ ಬೆಳಕಿನ ಸಂದಿ ಮುಚ್ಚುವಷ್ಟು ಗಾರೆ, ಅಷ್ಟೇ. ಎರಡೂ ದಿಕ್ಕಿಗೆ ದೋರಿ ಹಿಡಿದು ಕರಣೆ ಆಡಿಸಿದರೆ ಬಾಗು ತಾನಾಗಿ ಬರುತ್ತದೆ.

ಮೊದಲು ಕಟ್ಟಿದವರು ಸೆಂಟ್ರಿಂಗ್ ಮಾಡಿದ್ದೂ ನೆಟ್ಟಗಿನ ಹಲಗೆಯಲ್ಲೇ. ಒಳಮೈಯಲ್ಲಿ ಹಲಗೆಯ ಗುರುತು ಇವತ್ತಿಗೂ ಇದೆ, ಮರದ ಗಂಟಿನ ಅಚ್ಚು ಸಮೇತ. ಮೆಕ್ಸಿಕೋದಲ್ಲಿ ಫೆಲಿಕ್ಸ್ ಕ್ಯಾಂಡೆಲಾ ಅನ್ನುವ ಆರ್ಕಿಟೆಕ್ಟ್ ಇದೇ ಉಪಾಯದಿಂದ ಒಂದಾದ ಮೇಲೊಂದು ಮಾಡು ಕಟ್ಟಿದರು. 1958ರ ಲಾಸ್ ಮನಂತಿಯಾಲೆಸ್ ಹೋಟೆಲಿನ ಮಾಡು ಬರೀ 4 ಸೆಂ.ಮೀ. ದಪ್ಪ. ಹಾಗಾಗಿ ನಮ್ಮ ತೇಪೆಯ ಒಳಮೈಗೂ ಅದೇ ಅಗಲದ ಹಲಗೆ ಒತ್ತಿ ಗುರುತು ಮೂಡಿಸಿದೆವು. ಹತ್ತಿರ ಹೋದರೆ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಪರವಾಗಿಲ್ಲ.

ಜಗ್ಗಿದ ಭಯದ ವಿಷಯ. ಲೆವೆಲ್ ಪೈಪಿನಲ್ಲಿ ಎರಡೂ ಎತ್ತರದ ಮೂಲೆಯ ಮಟ್ಟ ನೋಡಿದರೆ ಗದ್ದೆ ಕಡೆಯದು ಒಂದೂವರೆ ಇಂಚು ಕೆಳಗಿದೆ. ಎಂಜಿನಿಯರ್ ಪ್ರಕಾರ ಇದು ವರ್ಷಗಟ್ಟಲೆ ಭಾರ ಹೊತ್ತ ಕಾಂಕ್ರೀಟು ನಿಧಾನವಾಗಿ ಬಾಗಿದ್ದು. ಮನೆಯವರಿಗೆ ಧೈರ್ಯ ಬರಲಿ ಅಂತ ಪೆನ್ಸಿಲ್ವೇನಿಯಾದ ಫಾಲಿಂಗ್‌ವಾಟರ್ ವಿಷಯ ಹೇಳಿದೆ. 1930ರ ದಶಕದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೇ ಚಾಚಿ ಕಟ್ಟಿದ ಮನೆ ಅದು. ಅದರ ಜಗಲಿಯ ತುದಿ ಹತ್ತಿರ ಹತ್ತಿರ 7 ಇಂಚು ಜಗ್ಗಿತ್ತು. 2002ರಲ್ಲಿ ನೆಲದ ಕಲ್ಲು ಎಬ್ಬಿಸಿ, ಒಳಗಿನ ತೊಲೆಗಳ ಪಕ್ಕ ಉಕ್ಕಿನ ಕೇಬಲ್ ಬಿಗಿದು, ಕಲ್ಲು ಮತ್ತೆ ಹಾಗೇ ಕೂರಿಸಿದರು. ಹೊರಗಿನಿಂದ ನೋಡಿದವರಿಗೆ ಏನೂ ಬದಲಾಗಿಲ್ಲ. ನಮ್ಮಲ್ಲಿ ಅಷ್ಟು ದೊಡ್ಡ ಕೆಲಸ ಬೇಕಿಲ್ಲ. ಜಾರುಬಾಗಿಲಿನ ಮೇಲಿನ ಹಳಿಯನ್ನು ಸ್ವಲ್ಪ ಇಳಿಸಿ, ಮಾಡಿಗೂ ಚೌಕಟ್ಟಿಗೂ ನಡುವೆ ಸಂದಿ ಬಿಟ್ಟು ಅದಕ್ಕೆ ಸಿಲಿಕಾನ್ ತುಂಬಿದೆವು. ಮಾಡು ಬಿಸಿಲಿಗೆ, ತಂಪಿಗೆ ಆಡುತ್ತದೆ, ಗಾಜಿನ ಮೇಲೆ ಅದು ಕೂರಬಾರದು.

ಬಂಡೆ

ಬಂಡೆಯ ಸುತ್ತ ಏಳುವ ನೀರಿಗೆ ಹಿಂದಿನವರು ವರ್ಷವರ್ಷವೂ ಸಿಮೆಂಟ್, ಎಪಾಕ್ಸಿ, ಸಿಲಿಕಾನ್ ಅಂತ ಸಂದಿ ತುಂಬಿದ್ದಾರೆ. ಪದರ ಪದರ ಕೆತ್ತಿ ತೆಗೆದೆವು. ಚಿರೆಕಲ್ಲಿಗೆ ಸಂದಿ ಮುಚ್ಚಿ ಪ್ರಯೋಜನ ಇಲ್ಲ, ನೀರು ಕಲ್ಲಿನ ಮೈಯೊಳಗಿಂದಲೇ ಬರುತ್ತದೆ. ಬ್ರೆಜಿಲ್‌ನ ರಿಯೊ ನಗರದಲ್ಲಿ ಆರ್ಕಿಟೆಕ್ಟ್ ಆಸ್ಕರ್ ನೀಮೆಯರ್ ತಮಗಾಗಿ 1953ರಲ್ಲಿ ಕಟ್ಟಿಕೊಂಡ ಮನೆಯಲ್ಲೂ ಈಜುಕೊಳದ ಪಕ್ಕದಿಂದ ಒಂದು ದೊಡ್ಡ ಬಂಡೆ ಮನೆಯೊಳಗೆ ಬರುತ್ತದೆ, ಆದರೆ ಅದು ಗಟ್ಟಿ ಕರಿಕಲ್ಲಿನ ಜಾತಿ. ನಮ್ಮದು ನೀರು ಕುಡಿಯುವ ಕಲ್ಲು, ಇದಕ್ಕೆ ಬೇರೆ ಉಪಾಯ ಬೇಕು.

ಬಂಡೆಯ ಬುಡದ ಸುತ್ತ ನೆಲದ ಟೈಲು ತೆಗೆದು, ಅಂಗೈ ಅಗಲದ ಕಾಲುವೆ ತೋಡಿ, ಮನೆಯ ನೆಲದಡಿಯಿಂದ ಪೈಪು ಹಾಕಿ ಹೊರಗಿನ ಗಟಾರಕ್ಕೆ ಸೇರಿಸಿದೆವು. ಕಾಲುವೆಯ ಮೇಲೆ ಹೊಳೆಗಲ್ಲು ತುಂಬಿದೆ, ಕಾಲಿಗೆ ತೊಂದರೆ ಇಲ್ಲ. ನೆಲದ ಕಡೆಯ ಬದಿಗೆ ಮಾತ್ರ ವಾಟರ್‌ಪ್ರೂಫ್ ಕೋಟಿಂಗ್. ಬಂಡೆಯ ಕಡೆಗೆ ಏನೂ ಬಳಿದಿಲ್ಲ. ಬಂಡೆ ಒದ್ದೆಯಾಗಲಿ, ನೆಲ ಒದ್ದೆಯಾಗದಿದ್ದರೆ ಸಾಕು. ಪೈಪಿನ ಹೊರಬಾಯಿಗೆ ಜಾಳಿಗೆ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಕಪ್ಪೆ, ಹಾವು ಎರಡೂ ಒಳಗೆ ಬರುತ್ತವೆ.

ಬಣ್ಣ

ಇದರ ಮೇಲೆ ತುಂಬಾ ಮಾತುಕತೆ ನಡೆಯಿತು. ಮಾಡಿನ ಮೇಲೆ ತೆಳು ಅಕ್ರಿಲಿಕ್ ಕೋಟಿಂಗ್, ನಡುವೆ ಫೈಬರ್ ಜಾಲರಿ, ಒಟ್ಟು ಒಂದೆರಡು ಮಿ.ಮೀ. ದಪ್ಪ, ತೂಕ ಇಲ್ಲವೆನ್ನಬೇಕು. ಸಪ್ಲೈ ಮಾಡುವವರು ಬಿಳಿಯನ್ನೇ ಹಾಕಿ ಅಂದರು, ಸೆಕೆ ಕಮ್ಮಿಯಾಗುತ್ತದೆ. ನಿಜ, 3 ಇಂಚಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕೂರಲಾಗುವುದಿಲ್ಲ. ಆದರೆ ಹಸಿರು ಗುಡ್ಡದ ಮೇಲೆ ಬಿಳಿ ಮಾಡು ಕಣ್ಣಿಗೆ ಚುಚ್ಚುತ್ತದೆ, ಇಷ್ಟು ವರ್ಷ ಪಾಚಿ ಹಿಡಿದ ಬೂದು ಬಣ್ಣದಲ್ಲಿ ಅದು ಬಂಡೆಗಳ ಜೊತೆ ಸೇರಿಕೊಂಡಿತ್ತು. ನಾನು ಗದ್ದೆಯ ಒಡ್ಡಿನ ಮೇಲೆ ಹೋಗಿ ನಿಂತು, ಮಾಡಿನ ಮೇಲೆ ಒಬ್ಬ ಹುಡುಗ ಬಿಳಿ ಬಟ್ಟೆ ಹಿಡಿದು ಓಡಾಡುವಂತೆ ಮಾಡಿ ಫೋನಿನಲ್ಲಿ ಹೇಳುತ್ತಾ ಹೋದೆ. ಕೆಳಗಿನಿಂದ ಕಾಣುವುದು ಅಂಚು ಮತ್ತು ಮೇಲೆದ್ದ ಮೂಲೆಗಳು ಮಾತ್ರ. ನಡುವಿನ ಸಪಾಟು ಭಾಗ ಎಲ್ಲಿಂದಲೂ ಕಾಣುವುದಿಲ್ಲ, ಬಿಸಿಲು ಹೆಚ್ಚು ಬೀಳುವುದೂ ಅಲ್ಲೇ. ಹಾಗಾಗಿ ನಡುವೆ ಬಿಳಿ, ಅಂಚಿನತ್ತ ಬರುತ್ತಾ ಬೂದು. ಎರಡರ ನಡುವಿನ ಗೆರೆಯನ್ನೂ ದೋರಿ ಹಿಡಿದೇ ಹಾಕಿದ್ದು. ಜೀನಿನ ನಟ್ಟನಡುವೆ ಇಳಿಜಾರು ತೀರಾ ಕಮ್ಮಿ, ನೀರು ಅಲ್ಲಿ ನಿಧಾನ, ಪಾಚಿ ಮೊದಲು ಹುಟ್ಟುವುದೂ ಅಲ್ಲೇ, ಅದಕ್ಕೆ ಆ ಜಾಗಕ್ಕೆ ಒಂದು ಕೋಟು ಜಾಸ್ತಿ.

ಲಾನ್ ಮತ್ತೆ ಹಾಕಲಿಲ್ಲ. ಮಣ್ಣು ತೆಗೆದ ಮೇಲೆ ಚಿರೆಕಲ್ಲಿನ ಮೈ ಹೊರಗೆ ಬಂತು, ಮಳೆ ಬಂದರೆ ಸಡಾದ ಹುಲ್ಲು ತಾನಾಗಿ ಬರುತ್ತದೆ. ಅಕ್ಕನಿಗೆ ಒಪ್ಪಿಗೆ ಇತ್ತು, ಅವರ ಯಜಮಾನರಿಗೆ ಕೂರಲು ಒಂದು ಸಪಾಟು ಜಾಗ ಬೇಕಿತ್ತು. ಮತ್ತಿ ಮರದ ಕೆಳಗೆ ಚಪ್ಪಡಿ ಹಾಸಿಕೊಟ್ಟೆವು, ಕಲ್ಲಿನ ನಡುವೆ ಗಾರೆ ಹಾಕದೆ.

ಜೂನ್‌ನ ಮೊದಲ ದೊಡ್ಡ ಮಳೆಯಲ್ಲಿ ಎರಡೂ ಮೂಲೆಯಿಂದ ನೀರು ಧೋ ಅಂತ ಬಿತ್ತು. ಬಡಗಣ ತಗ್ಗು ತುಂಬಿ ಮೆಟ್ಟಿಲಿಳಿದು ಹೋಯಿತು. ತೆಂಕಣ ಮೂಲೆಯಲ್ಲಿ ಮಾತ್ರ ನೀರು ಗೋಡೆಗೆ ಸಿಡಿಯಿತು, ಅಲ್ಲಿ ಇನ್ನೊಂದಿಷ್ಟು ಕಲ್ಲು ಎತ್ತರಕ್ಕೆ ಜೋಡಿಸಿ ಸರಿಮಾಡಿದೆವು. ಧರೆಯ ಗೋಡೆಯ ತೂತುಗಳು ಒಂದು ವಾರ ಸುಮ್ಮನಿದ್ದು, ಆಮೇಲೆ ಒಂದೊಂದಾಗಿ ಹರಿಯತೊಡಗಿದವು, ಮೊದಲು ಕೆಸರು, ನಂತರ ತಿಳಿ. ಬಂಡೆ ಒದ್ದೆ, ನೆಲ ಒಣ. ಹೂಳುಗುಂಡಿಯಲ್ಲಿ ಒಂದು ಬುಟ್ಟಿಯಷ್ಟು ಮಣ್ಣು ಸಿಕ್ಕಿತು, ಗದ್ದೆಗೆ ಹೋಗಿಲ್ಲ.

ಬಾಕಿ ಇರುವುದು ಎರಡು ಕೆಲಸ. ಅಂಚಿನ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿದ್ದೇನೆ, ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಅಕ್ಟೋಬರ್‌ನಲ್ಲಿ ಅದನ್ನು ನೋಡಿ, ಗದ್ದೆ ಕಡೆಯ ಮೂಲೆಗೆ ಮತ್ತೆ ಲೆವೆಲ್ ಪೈಪು ಹಿಡಿಯಬೇಕು. ಇನ್ನೊಂದು, ಅಂಚಿನ ತೊಲೆಯ ಕೆಳಮೈಗೆ ಹನಿ ಕಡಿಯುವ ಗಾಡಿ, ಅಂದರೆ ನೀರು ಒಳಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುವಂತೆ ಮಾಡುವ ಸಣ್ಣ ಗೀರು. ಮೊದಲಿನಿಂದಲೂ ಅದು ಇಲ್ಲದ್ದರಿಂದ ನೀರು ಅಂಚು ಸುತ್ತಿ ಒಳಮೈಗೆ ಬರುತ್ತದೆ, ತುಕ್ಕು ಹಿಡಿದ ಜಾಗಗಳಲ್ಲಿ ಹೆಚ್ಚಿನವು ಅಲ್ಲಿಯವೇ. ಕಟ್ಟರ್ ಹಾಕಿ ಗಾಡಿ ಕೊರೆದರೆ ಸರಳನ್ನು ಮುಚ್ಚಿದ ಕಾಂಕ್ರೀಟಿನ ದಪ್ಪ ಕಮ್ಮಿಯಾಗುತ್ತದೆ. ಅಲ್ಯುಮಿನಿಯಂ ಪಟ್ಟಿ ಅಂಟಿಸಿದರೆ ಆ ಚೂಪು ಅಂಚು ದಪ್ಪ ಕಾಣುತ್ತದೆ. ತೆಳು ಶೆಲ್ ಮಾಡಿನ ಅಂಚಿಗೆ ಕೊರೆಯದೆ, ದಪ್ಪ ಕಾಣದಂತೆ ಹನಿಪಟ್ಟಿ ಕೂರಿಸಿದವರು ಯಾರಾದರೂ ಇದ್ದರೆ ಯಾವ ವಸ್ತು ಬಳಸಿದಿರಿ, ಎಷ್ಟು ಮಳೆಗಾಲ ತಡೆಯಿತು ಅಂತ ದಯವಿಟ್ಟು ತಿಳಿಸಿ. ಮಳೆ ಬಿಟ್ಟ ಕೂಡಲೇ ಆ ಕೆಲಸ ಶುರು ಮಾಡಬೇಕು.